ಉಂಬ್ರೈಲ್ ಇಳಿಜಾರು

ಜೂನ್ 9, ಮಂಗಳವಾರ

ಇವತ್ತು ಉಂಬ್ರೈಲ್ ಘಾಟಿ ತೆರೆದರು. ಹಿಮ ತೆಗೆಯುವ ಯಂತ್ರ ಬೆಳಿಗ್ಗೆಯೇ ಕೆಳಗಿಳಿದು ಬಂತು. ಅದಕ್ಕೇ ಕಾದಿದ್ದವರಂತೆ ಮೋಟರ್ ಬೈಕಿನವರು ಸಾಲಾಗಿ ಮೇಲೆ ಹೋದರು. ಹನ್ನೊಂದಕ್ಕೆ ಬಸ್ಸೂ ಹೋಯಿತು. ಯಾರು ಓಡಿಸುತ್ತಿದ್ದರೋ ನೋಡಲಿಲ್ಲ. ಪರದೆ ಎಳೆದೆ.

ದಿನಾ ನಾಲ್ಕು ಸಾಲು ಬರೆಯಿರಿ, ದಿನಾ ಸ್ವಲ್ಪ ಗುಡ್ಡ ಹತ್ತಿ ಎಂದು ಡಾಕ್ಟರು ಹೇಳಿದ್ದಾರೆ. ಹತ್ತಬಹುದು. ಬರೆಯುವುದೇನು? ಆದದ್ದು ಇಡೀ ಸಾಂತಾ ಮರಿಯಾ ಊರಿಗೆ ಗೊತ್ತು. ಕಳೆದ ಸೆಪ್ಟೆಂಬರಿನಲ್ಲಿ ಒಂಬತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಿದ್ದೆ. ಹಿಮ ಬೆರೆತ ಮಳೆ. ಕಾಡು ಶುರುವಾಗುವುದಕ್ಕೆ ಒಂದು ತಿರುವು ಮುಂಚೆ, ಕುರಿಯಷ್ಟು ದೊಡ್ಡ ಕಲ್ಲು ಮೇಲಿಂದ ಉರುಳಿ ರಸ್ತೆಗೆ ಬಿತ್ತು. ಬ್ರೇಕ್ ಒತ್ತಿದೆ, ಬಸ್ಸು ಜಾರಿತು, ಗುಡ್ಡದ ಕಡೆಗೆ ತಿರುಗಿಸಿದೆ, ಪಕ್ಕಕ್ಕೆ ಮಲಗಿತು. ಎಂಟು ಜನರಿಗೆ ತರಚು ಗಾಯ. ಕೊನೆಯ ಮನೆಯ ನೇಸಾ ಅವರ ತೊಡೆಯ ಮೂಳೆ ಮುರಿಯಿತು. ವಿಚಾರಣೆ ಮಾಡಿದವರು ಚಾಲಕಿಯ ತಪ್ಪಿಲ್ಲ ಎಂದು ಬರೆದುಕೊಟ್ಟರು. ನಾನು ಗಂಟೆಗೆ ಮೂವತ್ತೆಂಟು ಕಿಲೋಮೀಟರ್ ವೇಗದಲ್ಲಿದ್ದೆ. ಮೂವತ್ತರಲ್ಲಿ ಇದ್ದಿದ್ದರೆ? ಅದನ್ನು ಅವರು ಬರೆಯಲಿಲ್ಲ.

ಡಿಪೋದಿಂದ ಕುರ್ದಿನ್ ಫೋನ್ ಮಾಡಿದ್ದ. "ಸೆಪ್ಟೆಂಬರ್ ಕೊನೇ ತನಕ ಕಾಯ್ತೀನಿ ಮೆಂಜಾ. ಟೆಸ್ಟ್ ಕೊಟ್ಟು ಸ್ಟೇರಿಂಗ್ ಹಿಡಿ, ಇಲ್ಲಾಂದ್ರೆ ಟಿಕೆಟ್ ಕೌಂಟರಲ್ಲಿ ಕೂತ್ಕೋ. ಎರಡೂ ಕೆಲಸಾನೇ."

"ಕೌಂಟರೇ ಇರ್ಲಿ" ಎಂದೆ.

"ಈಗ್ಲೇ ಹೇಳ್ಬೇಡ" ಎಂದು ಇಟ್ಟುಬಿಟ್ಟ.

ಇಪ್ಪತ್ತೊಂದು ವರ್ಷ ಓಡಿಸಿದ್ದೇನೆ. ಸಾಕು.

ಜೂನ್ 12

ಹನ್ನೊಂದನೆಯ ತಿರುವಿನವರೆಗೆ ನಡೆದೆ. ಬಸ್ಸು ಬರುವ ಸದ್ದು ಕೇಳಿ ಲಾರ್ಚ್ ಮರಗಳ ಹಿಂದೆ ನಿಂತುಕೊಂಡೆ, ಕದ್ದು ಬಂದವಳ ಹಾಗೆ. ರಸ್ತೆಯಲ್ಲಿ ಇಳಿಯಲಾಗಲಿಲ್ಲ. ಕಾಡಿನ ಕಾಲುದಾರಿ ಹಿಡಿದು ಇಳಿದೆ. ಕಾಲುದಾರಿ ಎಷ್ಟೇ ಕಡಿದಾಗಿದ್ದರೂ ನನಗೇನೂ ಅನ್ನಿಸುವುದಿಲ್ಲ. ಟಾರು ಕೆಳಗೆ ಬಾಗಿದರೆ ಮಾತ್ರ ಅಂಗೈ ಬೆವರುತ್ತದೆ.

ಜೂನ್ 20, ಶನಿವಾರ

ಸೈಕಲ್ಲು ತೆಗೆದೆ. ಹತ್ತುವುದೇನೋ ಹತ್ತಿದೆ, ನಡುವಿನ ಹೋಟೆಲಿನವರೆಗೆ, ಒಂದು ಗಂಟೆ ಹತ್ತು ನಿಮಿಷ. ಇಳಿಯುವಾಗ ತಳ್ಳಿಕೊಂಡು ಬಂದೆ. ಕೆಳಗೆ ಹಾರಿಹೋಗುತ್ತಿದ್ದ ಸವಾರರೆಲ್ಲ ತಿರುಗಿ ನೋಡಿದರು.

ಊರಿನ ಮೊದಲ ಮನೆ ಅಂದರೆ ಮೇಲಿನಿಂದ ಬರುವವರಿಗೆ ನೇಸಾ ಅವರದೇ. ತೋಟದಲ್ಲಿ ಊರುಗೋಲು ಬೇಲಿಗೆ ಒರಗಿಸಿ ಸೊಪ್ಪು ಕೀಳುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಏನೇ ಮೆಂಜಾ, ಸೈಕಲ್ಲನ್ನ ವಾಕಿಂಗಿಗೆ ಕರ್ಕೊಂಡು ಹೋಗಿದ್ಯಾ?"

ಸೈಕಲ್ಲು ತಳ್ಳಿಕೊಂಡು ಓಡಿ ಬಂದೆ. ಚಿಕ್ಕಂದಿನಿಂದ ಓಂದಾ, ಅಂದರೆ ಚಿಕ್ಕಮ್ಮ, ಎಂದು ಕರೆದು ಅವರ ಸೆರಗು ಹಿಡಿದು ಬೆಳೆದವಳು ನಾನು. ಆಸ್ಪತ್ರೆಗೆ ಒಮ್ಮೆ ಹೂ ತೆಗೆದುಕೊಂಡು ಹೋಗಿದ್ದೆ. ಅವರ ಕೋಣೆಯ ಬಾಗಿಲಲ್ಲಿ ನರ್ಸಿನ ಕೈಗೆ ಕೊಟ್ಟು ವಾಪಸಾದೆ. ಆಮೇಲೆ ಇವತ್ತಿನವರೆಗೆ ಎದುರಾಗಿರಲಿಲ್ಲ.

ಜೂನ್ 21

ಮಳೆ. ಏನೂ ಇಲ್ಲ.

ಜೂನ್ 27, ಶನಿವಾರ

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನೇಸಾ. ಊರುಗೋಲಿನಿಂದಲೇ ಬಡಿದಿದ್ದರು.

"ಒಳಗೆ ಕರೀತೀಯೋ, ಇಲ್ಲಾ ಇಲ್ಲೂ ನರ್ಸ್ ಇದ್ದಾಳೋ?"

ಕರೆದೆ. ಅಡುಗೆಮನೆಯಲ್ಲಿ ಕೂತರು. ಅಕ್ರೋಟು ಕಡುಬಿನ ಚೂರು ಇತ್ತು, ಇಟ್ಟೆ. ನಾನು ಎದ್ದೇ ನಿಂತಿದ್ದೆ. ಏನೋ ಕ್ಷಮಾಪಣೆಯ ಮಾತು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಅದೆಲ್ಲ ಬೇಡ. ಕೇಳು. ನಮ್ಮ ಯಜಮಾನ್ರಿಗೆ ಕಣ್ಣು ಹೋಗ್ತಿದೆ, ಗೊತ್ತಲ್ಲ. ನಡುವೆ ಎಲ್ಲಾ ಬೂದು, ಅಂಚಲ್ಲಿ ಮಾತ್ರ ಕಾಣತ್ತಂತೆ. ಮೂರು ವರ್ಷದಿಂದ ಜೋಡಿ ಸೈಕಲ್ಲಲ್ಲಿ ಮುಂದೆ ನಾನು, ಹಿಂದೆ ಅವ್ರು. ಕಳೆದ ಸೆಪ್ಟೆಂಬರಿಂದ ಸೈಕಲ್ಲು ಕೊಟ್ಟಿಗೇಲಿ, ಮನುಷ್ಯ ಬೆಂಚಿನ ಮೇಲೆ. ದಿನವಿಡೀ ರೇಡಿಯೋ ಕೇಳ್ತಾ ನನ್ನ ಅಡುಗೆಗೆ ತಪ್ಪು ಹುಡುಕ್ತಾರೆ."

"ಓಂದಾ, ನಾನು..."

"ನನ್ನ ಕಾಲು ಮುರಿದವಳು ನೀನು. ಈ ಮುದುಕನ್ನ ಮನೆಯಿಂದ ಹೊರಗೆ ಹಾಕೋ ಜವಾಬ್ದಾರೀನೂ ನಿಂದೇ."

ನನ್ನ ತಪ್ಪಿಲ್ಲ ಎಂದು ಒಂಬತ್ತು ತಿಂಗಳಿನಿಂದ ಎಲ್ಲರೂ ಹೇಳುತ್ತಿದ್ದಾರೆ. ಮುರಿದವಳು ನೀನು ಎಂದು ಯಾರಾದರೂ ನೇರವಾಗಿ ಹೇಳಿದ್ದು ಇದೇ ಮೊದಲು. ವಿಚಿತ್ರವೆಂದರೆ ಆಗಲೇ ನನಗೆ ಕೂರಬೇಕೆನ್ನಿಸಿತು. ಕೂತೆ. ನಾನೂ ಒಂದು ಚೂರು ಕಡುಬು ತಿಂದೆ.

ಇಳಿಜಾರಿನಲ್ಲಿ ಓಡಿಸಲಾರೆ, ಯಾರನ್ನೂ ಹಿಂದೆ ಕೂರಿಸಿಕೊಳ್ಳಲಾರೆ ಎಂದು ಹೇಳಿದೆ.

"ಹಾಗಾದ್ರೆ ನಡೆಸ್ಕೊಂಡು ಹೋಗು" ಎಂದರು. "ಕಾಲು ಇಬ್ಬರಿಗೂ ಚೆನ್ನಾಗಿದೆ."

ಜುಲೈ 2

ನೇಸಾ ಅವರ ಯಜಮಾನರು ಬಾಲ್ಸರ್ ನನಗೆ ಚಿಕ್ಕಂದಿನಿಂದ ಬಾರ್ಬಾ, ಅಂದರೆ ಚಿಕ್ಕಪ್ಪ. ಅವರ ಜೊತೆ ದಸ್ ರಾದೊಂದ್ ಘಾಟಿ ದಾಟಿ ವಾಲ್ ಮೋರಾ ಕಣಿವೆ ತನಕ ನಡೆದು ಬಂದೆ. ಏಳು ಗಂಟೆ. ನನ್ನ ಚೀಲಕ್ಕೆ ಒಂದು ಹಗ್ಗ ಕಟ್ಟಿದ್ದೆ, ಅದರ ತುದಿ ಅವರ ಕೈಯಲ್ಲಿ. ಎಡಕ್ಕೆ ಕಲ್ಲು, ಬಲಕ್ಕೆ ಬೇರು, ಒಂದು ಮೆಟ್ಟಿಲು ಕೆಳಗೆ ಎಂದು ಹೇಳುತ್ತಾ ಹೋಗಬೇಕು. ಬೆಳಿಗ್ಗೆ ಇದೊಂದು ದೊಡ್ಡ ಪೀಡೆ ಅನ್ನಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಯಿ ತಾನಾಗಿ ಹೇಳುತ್ತಿತ್ತು.

ಅವರಿಗೆ ಎಪ್ಪತ್ತೊಂದು. ಮೂವತ್ತಾರು ವರ್ಷ ಉಂಬ್ರೈಲ್ ರಸ್ತೆಯ ಕೆಲಸ ಮಾಡಿದವರು: ಬೇಸಿಗೆಯಲ್ಲಿ ಚರಂಡಿ, ವಸಂತದಲ್ಲಿ ಹಿಮ. ಘಾಟಿಯ ನೆತ್ತಿಯಲ್ಲಿ ಬ್ರೆಡ್ಡು, ಒಣಮಾಂಸ ತಿನ್ನುತ್ತಾ ಕೂತಿದ್ದಾಗ ಮಾರ್ಮೊಟ್, ಬಿಲದಲ್ಲಿರುವ ಆ ದಪ್ಪ ಬೆಟ್ಟದಳಿಲು, ಸಿಳ್ಳೆ ಹಾಕಿತು.

"ಎಲ್ಲಿದೆ ಹೇಳ್ಲಾ? ಆ ಹಳದಿ ಬಂಡೆ ಕೆಳಗೆ."

ಅಲ್ಲೇ ಇತ್ತು. "ಹೇಗೆ ಗೊತ್ತಾಯ್ತು ಬಾರ್ಬಾ?"

"ನಲವತ್ತು ವರ್ಷದಿಂದ ಅದೇ ಸಂಸಾರ ಅಲ್ಲಿದೆ. ಬಾಡಿಗೆ ಏನೂ ಇಲ್ಲ, ಯಾಕೆ ಬಿಟ್ಟು ಹೋಗತ್ತೆ?"

ಇಳಿಯುವಾಗ ಅವರು ಒಮ್ಮೆಯೂ ಎಡವಲಿಲ್ಲ. ನಾನು ಎರಡು ಸಲ ಎಡವಿದೆ.

ಜುಲೈ 14

ಜೋಡಿ ಸೈಕಲ್ಲು ಹೊರಬಂತು. ಸಮತಟ್ಟಾದ ದಾರಿಯಲ್ಲಿ ಮಾತ್ರ ಎಂದು ಮೊದಲೇ ಖಂಡಿತವಾಗಿ ಹೇಳಿದ್ದೆ. ಮ್ಯೂಸ್ಟೈರ್ ಮಠದ ತನಕ ಹೋಗಿ ಬಂದೆವು. ಆ ಕಡೆ ಸ್ವಲ್ಪ ಇಳಿಜಾರಿದೆ, ಆದರೆ ಅದನ್ನು ಇಳಿಜಾರು ಅನ್ನಬಾರದು. ಹೊರಡುವುದೇ ಕಷ್ಟ; ಇಬ್ಬರ ಕಾಲೂ ಒಟ್ಟಿಗೆ ಒತ್ತಬೇಕು. ಮೂರು ಸಲ ವಾಲಿ ನಿಂತೆವು. ಬಾಗಿಲಲ್ಲಿ ನಿಂತು ನೇಸಾ ಓಂದಾ ಚಪ್ಪಾಳೆ ತಟ್ಟಿದರು, ಮೆಚ್ಚಿ ಅಲ್ಲ.

ನಾನು ಸುಮ್ಮನೆ ತುಳಿಯುತ್ತಿದ್ದರೆ ಹಿಂದಿನಿಂದ ಬೆನ್ನಿಗೆ ಗುದ್ದು. "ಮಾತಾಡೇ. ನೀನು ಸುಮ್ನಾದ್ರೆ ನಂಗೆ ರಸ್ತೆ ಕಾಣಲ್ಲ."

ಹಾಗಾಗಿ ಕಂಡದ್ದೆಲ್ಲ ಹೇಳಿದೆ. ಹಸು. ಟ್ರಾಕ್ಟರ್. ಒಣಗಿದ ಹುಲ್ಲು ಹರಡಿದ್ದಾರೆ. ತಿರುವು, ಬಲಕ್ಕೆ.

ಜುಲೈ 25, ಶನಿವಾರ

ಕಾಲ್ಚೀಲ, ಚಡ್ಡಿ, ಅಂಗಿ, ಕೈಗವಸು ಎಲ್ಲವೂ ಒಲೆಯ ಮೇಲೆ ಒಣಗುತ್ತಿವೆ. ಬಾರ್ಲಿ ಗಂಜಿ ಎರಡು ಬಟ್ಟಲು ಕುಡಿದರೂ ಚಳಿ ಬಿಟ್ಟಿಲ್ಲ.

ಉಂಬ್ರೈಲ್ ನೆತ್ತಿಯವರೆಗೆ ಹತ್ತಿದೆವು. ಬಾರ್ಬಾ ಹಿಂದೆ ಎತ್ತಿನ ಹಾಗೆ ಒತ್ತುತ್ತಾರೆ. ಇಳಿಯುವಾಗ ತಳ್ಳಿಕೊಂಡೇ ಬರುವುದೆಂದು ಒಪ್ಪಂದವಾಗಿತ್ತು. ಆದರೆ ಆ ಸೈಕಲ್ಲಿನ ಭಾರ, ಉದ್ದ! ಪ್ರತಿ ತಿರುವಿನಲ್ಲೂ ಹಿಂದಿನ ಚಕ್ರ ಬಾರ್ಬಾನ ಕಾಲ ಮೇಲೆ. ಐದನೆಯ ಸಲ ಅವರು ನಿಂತುಬಿಟ್ಟರು.

"ಮೆಂಜಾ, ನನಗೆ ಕಣ್ಣು ಹೋಗಿದೆ, ಈಗ ಕಾಲ್ಬೆರಳೂ ಹೋಗ್ತಿದೆ. ನೇಸಾಗೆ ಏನುಳಿಯತ್ತೆ?"

ಅಷ್ಟರಲ್ಲಿ ಮೋಡ ಕೆಳಗಿಳಿದು ಆಲಿಕಲ್ಲು ಶುರುವಾಯಿತು. ಮರವಿಲ್ಲ, ಮಾಡಿಲ್ಲ, ಬರೀ ಬಂಡೆ. ಸೈಕಲ್ಲು ಹತ್ತಿದೆವು. ಬ್ರೇಕಿನ ಮೇಲೆ ನನ್ನ ಬೆರಳು ಬಿಗಿದುಕೊಂಡಿತ್ತು. ಹಿಂದಿನಿಂದ ಅವರ ದನಿ: "ಇಲ್ಲಿ ಚರಂಡಿ ಅಡ್ಡ ಬರತ್ತೆ, ಬಲಕ್ಕೆ ಇರು. ಈಗ ನೇರ ಇನ್ನೂರು ಮೀಟರ್. ಈಗ ತಿರುವು, ಎಡಕ್ಕೆ, ಅಗಲ ಇದೆ." ಮೂರು ತಿರುವು ಹಾಗೆ ಬಂದು ಒಂದು ಕುರಿದೊಡ್ಡಿ ಸಿಕ್ಕಿತು. ಅಲ್ಲಿ ಮಳೆ ನಿಲ್ಲುವ ತನಕ ಕೂತು ಮತ್ತೆ ತಳ್ಳಿಕೊಂಡು ಬಂದೆವು.

ಮೂರೇ ತಿರುವು. ಅದೂ ಆಲಿಕಲ್ಲಿನಿಂದಾಗಿ.

ಆಗಸ್ಟ್ 6

ಆ ತಿರುವಿನಲ್ಲಿ ಸೈಕಲ್ಲು ನಿಲ್ಲಿಸು ಎಂದರು ಬಾರ್ಬಾ. ಯಾವ ತಿರುವು ಎಂದು ಕೇಳಬೇಕಾಗಿರಲಿಲ್ಲ.

ತಡೆಗೋಡೆಯ ಕಲ್ಲು ಹೊಸದು, ಬಣ್ಣ ಬೇರೆ. ಬಾರ್ಬಾ ರಸ್ತೆ ದಾಟಿ ಗುಡ್ಡದ ಬುಡಕ್ಕೆ ಹೋಗಿ, ಬಗ್ಗಿ ಕೈಯಾಡಿಸಿ, ಮುಷ್ಟಿಯಷ್ಟು ದೊಡ್ಡ ಮೂರು ಕಲ್ಲು ಎತ್ತಿ ಪಕ್ಕಕ್ಕೆ ಹಾಕಿದರು.

"ಮೂವತ್ತಾರು ವರ್ಷ ಇಲ್ಲಿಂದ ಕಲ್ಲು ಎತ್ತಿದೀನಿ. ಬೆಳಿಗ್ಗೆ ಎತ್ತಿದ್ರೆ ಮಧ್ಯಾಹ್ನ ಇರತ್ತೆ. ಒಂದ್ಸಲ ಎತ್ತಿ ಹಾಕಿ, ಗಾಡಿ ಹತ್ತಿ, ಸಿಗರೇಟ್ ಹಚ್ಚೋದ್ರೊಳಗೆ ಇನ್ನೊಂದು ಬಿತ್ತು, ನಾನು ನಿಂತಿದ್ದ ಜಾಗಕ್ಕೇ."

"ನಾನು ಮೂವತ್ತರಲ್ಲಿ ಇದ್ದಿದ್ರೆ?"

ಕೈಯ ಮಣ್ಣು ಒರೆಸಿಕೊಂಡರು. ಸಮಾಧಾನ ಹೇಳುತ್ತಾರೆ ಎಂದುಕೊಂಡೆ.

"ಮೂವತ್ತರಲ್ಲಿ ಇದ್ದಿದ್ರೆ ಕಲ್ಲು ನಿನ್ನ ಮುಂದೆ ಬೀಳ್ತಿತ್ತು, ಆರಾಮಾಗಿ ನಿಲ್ಲಿಸ್ತಿದ್ದೆ. ನಲವತ್ತೈದರಲ್ಲಿ ಇದ್ದಿದ್ರೆ ನಿನ್ನ ಹಿಂದೆ ಬೀಳ್ತಿತ್ತು, ಗೊತ್ತೇ ಆಗ್ತಿರ್ಲಿಲ್ಲ. ನಲವತ್ತರಲ್ಲಿ ಇದ್ದಿದ್ರೆ ನೆತ್ತಿ ಮೇಲೆ ಬೀಳ್ತಿತ್ತೋ ಏನೋ. ಇದಕ್ಕೆ ಲೆಕ್ಕ ಇಲ್ಲ ಮಗಳೇ. ನಾನೂ ಹಾಕಿ ನೋಡಿದೀನಿ, ನೇಸಾ ಆಸ್ಪತ್ರೇಲಿದ್ದಾಗ. ಇನ್ನೊಂದೆರಡು ವರ್ಷ ಕಣ್ಣು ಸರಿ ಇದ್ದು, ಕೆಲಸದಲ್ಲಿ ಮುಂದುವರಿದಿದ್ರೆ, ಆವತ್ತು ಬೆಳಿಗ್ಗೆ ನಾನು ಆ ಕಲ್ಲನ್ನ ಅಲ್ಲಾಡಿಸಿ ನೋಡಿರ್ತಿದ್ನಾ ಅಂತ."

ನನಗೆ ಅದು ಹೊಳೆದೇ ಇರಲಿಲ್ಲ. ಅವರಿಗೂ ಒಂದು ಲೆಕ್ಕವಿದೆ ಎಂದು.

ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಪಕ್ಕದ ಸ್ಟೆಲ್ವಿಯೋ ಘಾಟಿಯ ಮೇಲೆ ಮೋಟಾರು ಬಿಡುವುದಿಲ್ಲ, ಸೈಕಲ್ಲಿನವರಿಗೇ ರಸ್ತೆ. ಉಂಬ್ರೈಲ್ ಹತ್ತಿ, ಸ್ಟೆಲ್ವಿಯೋ ದಾಟಿ, ಆ ಕಡೆಯ ನಲವತ್ತೆಂಟು ತಿರುವು ಇಳಿದು ಬುಡದ ಪ್ರಾಡ್ ಊರಿನ ಮೂಲಕ ಸುತ್ತಿ ಮನೆಗೆ ಬರೋಣ ಎನ್ನುತ್ತಾರೆ ಬಾರ್ಬಾ. ಮುಂದಿನ ವರ್ಷಕ್ಕೆ ಅಂಚಿನ ಬೆಳಕೂ ಇರುವುದಿಲ್ಲವಂತೆ. ಆಗುವುದಿಲ್ಲ ಎಂದಿದ್ದೇನೆ. ಹಿಂದಿನ ಬ್ರೇಕಿನ ತಂತಿ ಮಾತ್ರ ಬದಲಿಸಬೇಕು. ಹಳೆಯದು ಎಳೆ ಬಿಟ್ಟಿದೆ.

ಆಗಸ್ಟ್ 29, ಶನಿವಾರ

ನನಗೆ ಬಾರ್ಬಾ ಬಾಲ್ಸರ್ ಮೇಲೆ ಇನ್ನೂ ಸಿಟ್ಟಿದೆ. ಎರಡು ಟ್ಯೂಬು ಇಟ್ಟಿದ್ದೇನೆ ಎಂದವರು ಇಟ್ಟದ್ದು ಒಂದೇ, ಅದೂ ಮುಂದಿನ ಚಕ್ರದ್ದು!

ಆರಕ್ಕೆ ಹೊರಟೆವು. ಉಂಬ್ರೈಲ್ ಮೇಲೆ ಹೆಪ್ಪುಗಟ್ಟಿದ ಇಬ್ಬನಿ. ಸ್ಟೆಲ್ವಿಯೋ ನೆತ್ತಿಯಲ್ಲಿ ಜಾತ್ರೆಗಿಂತ ಹೆಚ್ಚು ಜನ, ಸಾಸೇಜು ಸುಡುವ ಹೊಗೆ, ಎಲ್ಲ ಭಾಷೆಯ ಕೂಗು. ಜೋಡಿ ಸೈಕಲ್ಲು ನೋಡಿ ದಾರಿ ಬಿಟ್ಟರು. ಒಬ್ಬ ಇಟಲಿಯವನು, "ಹಿಂದೆ ಕೂತವರು ತುಳೀತಾ ಇಲ್ಲ!" ಎಂದು ಕೂಗಿದ. ಬಾರ್ಬಾ ತಿರುಗಿ, "ನಿನ್ನ ಹೆಂಡ್ತೀನೂ ಹೀಗೇ ಹೇಳ್ತಾಳಾ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು.

ಇಳಿಯುವ ಮುಂಚೆ ಅವರು ನನ್ನ ಭುಜ ಹಿಡಿದರು. "ಈ ಕಡೆ ರಸ್ತೆ ನಂದಲ್ಲ. ನನಗೆ ಒಂದು ತಿರುವೂ ಬಾಯಿಪಾಠ ಇಲ್ಲ. ನೀನೇ ಹೇಳ್ಬೇಕು."

ಹೇಳಿದೆ. ಒಂದು, ಎಡಕ್ಕೆ, ಚಿಕ್ಕದು. ಎರಡು, ಬಲಕ್ಕೆ, ಜನ ಹತ್ತಿ ಬರ್ತಿದ್ದಾರೆ. ಮೂರು. ಇಬ್ಬರ ಭಾರಕ್ಕೆ ರಿಮ್ಮು ಕಾಯುತ್ತದೆ, ಆರಾರು ತಿರುವಿಗೆ ನಿಲ್ಲಿಸಿ ಆರಿಸಬೇಕು. ಮೂರು ಸಲ ಹಾಗೆ ಮಾಡಿದೆ. ಇಪ್ಪತ್ತಮೂರನೆಯದಕ್ಕೆ ಹೊರಳುವಾಗ ಹಿಂದಿನ ಟಯರು ಕೋವಿ ಹಾರಿದ ಹಾಗೆ ಸಿಡಿಯಿತು. ಸೈಕಲ್ಲಿನ ಬಾಲ ಅತ್ತಿತ್ತ ಹೊಡೆದುಕೊಂಡಿತು. "ಅಲ್ಲಾಡ್ಬೇಡಿ, ನೆಟ್ಟಗೆ ಕೂತಿರಿ" ಎಂದೆ. ಬ್ರೇಕು ಬಿಟ್ಟು, ಹಿಡಿದು, ಬಿಟ್ಟು, ತಿರುವಿನ ಒಳಬದಿಯ ಹುಲ್ಲಿಗೆ ತಂದು ನಿಲ್ಲಿಸಿದೆ. ಆಮೇಲೆ ಚೀಲ ಬಿಚ್ಚಿದರೆ ಈ ಟ್ಯೂಬಿನ ವಿಷಯ! ಎಷ್ಟು ಬೈದೆನೋ. ನಾನು ಬೈದಷ್ಟೂ ಅವರು ನಗುತ್ತಿದ್ದರು. ಯಾಕೆ ನಗುತ್ತೀರಿ ಎಂದರೆ ಹೇಳಲಿಲ್ಲ. ಕೊನೆಗೆ ಇಬ್ಬರು ಡಚ್ ಹೆಂಗಸರು ಟ್ಯೂಬು ಕೊಟ್ಟರು. ಸೀಳಿದ ಟಯರಿನ ಒಳಗೆ ಬಿಸ್ಕತ್ತಿನ ಪೊಟ್ಟಣದ ಕಾಗದ ಮಡಚಿ ಇಟ್ಟು ಕಟ್ಟಿದೆ. ಉಳಿದ ಇಪ್ಪತ್ತೈದು ತಿರುವು ಅದರ ಮೇಲೆಯೇ ಇಳಿದೆವು.

ಪ್ರಾಡ್‌ನಿಂದ ಮನೆಗೆ ಎದುರುಗಾಳಿ. ಮೂರೂವರೆಗೆ ತಲುಪಿದೆವು. ನೇಸಾ ಓಂದಾ ಗಡಿಯಾರ ನೋಡಿ, "ನಾನು ಮುಂದೆ ಕೂತಿದ್ರೆ ಎರಡಕ್ಕೇ ಬರ್ತಿದ್ರಿ" ಎಂದರು. ಅವರ ಕಣ್ಣು ಕೆಂಪಾಗಿತ್ತು. ಈರುಳ್ಳಿ ಹೆಚ್ಚಿದ್ದಿರಬೇಕು.

ಟಯರು ನಾಳೆಯೇ ಹೊಸದು ತರಬೇಕು.

ಸೆಪ್ಟೆಂಬರ್ 8

ಕುರ್ದಿನ್‌ಗೆ ಫೋನ್ ಮಾಡಿ ಟೆಸ್ಟಿಗೆ ದಿನ ಕೇಳಿದೆ. ಇಪ್ಪತ್ತೊಂದು ಎಂದ.

ಸಂಜೆ ಬಾರ್ಬಾ ಬಂದಿದ್ದರು, ಒಬ್ಬರೇ, ಗೋಡೆ ಹಿಡಿದುಕೊಂಡು. ನೇಸಾ ಓಂದಾನ ಅಕ್ಕ ಲೀನಾ ಇರುವುದು ಬೊರ್ಮಿಯೋದಲ್ಲಿ, ಘಾಟಿಯ ಆಚೆ. ಇಪ್ಪತ್ತಾರಕ್ಕೆ ಲೀನಾಗೆ ಎಂಬತ್ತು ತುಂಬುತ್ತದೆ. ಹಿಂದೆಲ್ಲ ಬೇಸಿಗೆಯಲ್ಲಿ ಓಂದಾ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು. ಈ ವರ್ಷ ಒಮ್ಮೆಯೂ ಹೋಗಿಲ್ಲ.

"ಕಾಲು ನೋವು, ಬರೋಕಾಗಲ್ಲ ಅಂತ ಫೋನಲ್ಲಿ ಹೇಳ್ತಾಳೆ. ಆ ಕಾಲೇ ದಿನಕ್ಕೆ ಮೂರು ಸಲ ನೆಲಮಾಳಿಗೆ ಇಳಿದು ಹತ್ತತ್ತೆ. ಪಕ್ಕದ ಮನೆಯವ್ರು ಕಾರಲ್ಲಿ ಕರ್ಕೊಂಡು ಹೋಗ್ತೀವಿ ಅಂದ್ರೂ ಘಾಟಿ ಅಂದ ಕೂಡ್ಲೇ ಮಾತು ಬದಲಾಯಿಸ್ತಾಳೆ."

ಜೂನ್ ತಿಂಗಳಿನಿಂದ ವಾರಕ್ಕೆ ಮೂರು ಸಲ ಆ ಮನೆಗೆ ಹೋಗಿದ್ದೇನೆ. ಒಂದು ಸಲವೂ ನನಗೆ ಅವರ ಭಯ ಕಾಣಲಿಲ್ಲ.

ಸೆಪ್ಟೆಂಬರ್ 10

"ಓಂದಾ, ನಡೆಯೋಕೆ ಹೋಗೋಣ ಬನ್ನಿ."

"ಎಲ್ಲಿಗೆ?"

"ಮೇಲೆ. ಎರಡು ತಿರುವು."

ನನ್ನ ಮುಖವನ್ನೇ ನೋಡಿದರು. "ಆ ಮುದುಕ ಬಾಯಿಬಿಟ್ನಾ?"

"ಬಿಟ್ರು."

"ಇವತ್ತು ಅವನಿಗೆ ಊಟ ಇಲ್ಲ" ಎಂದು ಊರುಗೋಲು ತೆಗೆದುಕೊಂಡರು.

ಎರಡು ತಿರುವು ಹತ್ತಿದೆವು. ಬಸ್ಸು ಇಳಿದು ಬರುವ ಸದ್ದಿಗೆ ಅವರ ಕೈ ನನ್ನ ತೋಳನ್ನು ಹಿಡಿಯಿತು. ಸೈಕಲ್ಲಿನವರ ಮೇಲೆ, ಹುಲ್ಲಿನ ಮೇಲೆ, ಊರವರ ಮೇಲೆ ಟೀಕೆ ಮಾಡುತ್ತಿದ್ದ ಬಾಯಿ ನಿಂತುಹೋಯಿತು. ಬಸ್ಸು ದಾಟಿ ಹೋಯಿತು. ಜೂನಿನಲ್ಲಿ ನಾನು ಮರದ ಹಿಂದೆ ಅಡಗಿದ್ದೆ ಎಂದು ಹೇಳಿದೆ.

"ನಿಜವಾಗ್ಲೂ? ಮರದ ಹಿಂದೆ?" ಎಂದರು. ಮುಖ ಅರಳಿತು. "ಇಷ್ಟು ದೊಡ್ಡ ಹೆಂಗಸು!"

ಸೆಪ್ಟೆಂಬರ್ 17

ನಾಲ್ಕು ತಿರುವು. ನಾಳೆ ಆರು.

ಸೆಪ್ಟೆಂಬರ್ 21

ಪಾಸಾದೆ. ಕುರ್ದಿನ್ ಪಕ್ಕದಲ್ಲಿ ಕೂತು ನೆತ್ತಿಯ ತನಕ, ವಾಪಸು. ಕೆಳಗೆ ಬಂದ ಮೇಲೆ, "ನೀನು ದಾರಿಯುದ್ದಕ್ಕೂ ಯಾರ ಜೊತೆ ಮಾತಾಡ್ತಿದ್ದೆ?" ಎಂದು ಕೇಳಿದ. ಪ್ರತಿ ತಿರುವನ್ನೂ ಗಟ್ಟಿಯಾಗಿ ಹೇಳುತ್ತಿದ್ದೆನಂತೆ.

ಸೇಬಿನ ಕೊಯ್ಲು ಈ ವಾರ. ಓಂದಾ ಒಂಬತ್ತು ತಿರುವು ಹತ್ತಿದರು.

ಸೆಪ್ಟೆಂಬರ್ 26, ಶನಿವಾರ

ಬೆಳಗಿನ ಬಸ್ಸು ನನ್ನದು. ಹನ್ನೆರಡು ಜನ. ಓಂದಾ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಅಕ್ಕನಿಗಾಗಿ ಮಾಡಿದ ಕೇಕಿನ ಡಬ್ಬಿ. ಬಾರ್ಬಾನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. "ಅವರಿದ್ರೆ ನಂಗೆ ಧೈರ್ಯ ಹೇಳೋಕೆ ಶುರು ಮಾಡ್ತಾರೆ, ತಲೆ ಕೆಡತ್ತೆ."

ಐದನೆಯ ತಿರುವಿನಲ್ಲಿ ನಿಲ್ಲಿಸುವ ಗಂಟೆ ಒತ್ತಿದರು. ಅಲ್ಲಿ ನಿಲ್ದಾಣವಿಲ್ಲ. ನಿಲ್ಲಿಸಿ ಬಾಗಿಲು ತೆರೆದೆ. ಇಳಿದು ತಡೆಗೋಡೆ ಹಿಡಿದು ನಿಂತರು. ನಾನೂ ಇಳಿದೆ. ಅವರ ಮುಖ ಬಿಳಿಚಿಕೊಂಡಿತ್ತು.

"ಜನ ಕಾಯ್ತಿದ್ದಾರೆ. ನೀನು ಹೋಗು. ನಾನು ನಡೆದು ಮನೆಗೆ ಹೋಗ್ತೀನಿ."

"ಕಾಯ್ಲಿ."

"ನಿನ್ನ ಟೈಮ್ ತಪ್ಪತ್ತೆ. ಮೊದಲ ದಿನಾನೇ ಕುರ್ದಿನ್ ಬೈತಾನೆ."

"ಬೈಲಿ."

ಬಸ್ಸಿನೊಳಗಿನಿಂದ ಯಾರೋ ಏನಾಯ್ತೆಂದು ಕೇಳಿದರು. ಐದು ನಿಮಿಷ ಎಂದೆ. ಕೆಲವರು ಇಳಿದು ಕಣಿವೆಯ ಫೋಟೋ ತೆಗೆದುಕೊಂಡರು. ಓಂದಾ ಕೇಕಿನ ಡಬ್ಬಿ ನನ್ನ ಕೈಗೆ ಕೊಟ್ಟು, ಮೂಗು ಒರೆಸಿಕೊಂಡು, ಬಸ್ಸನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ತಾವಾಗಿಯೇ ಮೆಟ್ಟಿಲು ಹತ್ತಿದರು. ನೆತ್ತಿಗೆ ಒಂಬತ್ತು ನಿಮಿಷ ತಡ. ಬೊರ್ಮಿಯೋ ಬಸ್ಸಿನವನು ಕಾದಿದ್ದ, ಫೋನ್ ಮಾಡಿದ್ದೆ.

ಸಂಜೆ ನಾಲ್ಕೂಮುಕ್ಕಾಲಿಗೆ ನೆತ್ತಿಯಲ್ಲಿ ಮತ್ತೆ ಹತ್ತಿದರು. ಕೆನ್ನೆ ಕೆಂಪಗೆ, ಬಾಯಲ್ಲಿ ವೈನಿನ ವಾಸನೆ. ಲೀನಾ ಅಕ್ಕ ಎಷ್ಟು ದಪ್ಪಗಾಗಿದ್ದಾಳೆ, ಅವಳ ಸೊಸೆ ಜೋಳದ ಹಿಟ್ಟಲ್ಲಿ ಮಾಡುವ ಪೊಲೆಂಟಾ ಎಷ್ಟು ಗಂಟುಗಂಟು ಎಂದು ಮೊದಲ ನಾಲ್ಕು ತಿರುವಿನವರೆಗೆ ಹೇಳಿದರು. ಆಮೇಲೆ ಸದ್ದಿಲ್ಲ. ಭಯವಾಯಿತೇನೋ ಎಂದು ಕನ್ನಡಿಯಲ್ಲಿ ನೋಡಿದೆ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ನಿದ್ದೆ.

ಅವರ ತಲೆ ಗಾಜಿಗೆ ಬಡಿಯದ ಹಾಗೆ ಉಳಿದ ತಿರುವುಗಳನ್ನು ಮೆಲ್ಲಗೆ ಹೊರಳಿಸಿದೆ. ಕಾಡಿಗೆ ಮುಂಚಿನ ತಿರುವೂ ಹಾಗೇ ಬಂತು, ಹಾಗೇ ಹೋಯಿತು.

ಸಾಂತಾ ಮರಿಯಾದಲ್ಲಿ ಎಲ್ಲರೂ ಇಳಿದ ಮೇಲೆ ಭುಜ ಮುಟ್ಟಿ ಎಬ್ಬಿಸಬೇಕಾಯಿತು.

"ಬಂತಾ?" ಎಂದರು.

"ಬಂತು ಓಂದಾ. ಇಳೀರಿ."